ನರ್ಸಮ್ಮನ ಚೀಲ ಹಿಡಿದು ಹೋದ ಮೇಲೆ ಊರು ಬಾಯಿಬಿಟ್ಟಿತು

ಫೋಟೊಗೊಂದು ಗಂಧದ ಹಾರ, ಬಸ್ ಸ್ಟ್ಯಾಂಡ್ ಹತ್ತಿರ ಒಂದು ಫ್ಲೆಕ್ಸು, ವರ್ಷದ ದಿನ ಗೋಧಿ ಹುಗ್ಗಿ ಊಟ. ಅಜ್ಜಿಯ ಪುಣ್ಯಸ್ಮರಣೆಗೆ ಇಷ್ಟು ಸಾಕು, ಪುಸ್ತಕ ಯಾರು ಓದುತ್ತಾರೆ ಎಂದವರೇ ಹೆಚ್ಚು. ದಾವಣಗೆರೆಯಲ್ಲಿ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸ) ಮಾಡುವ ಗೆಳೆಯರ ಮಾತೂ ಅದೇ: ಸ್ಮರಣ ಸಂಚಿಕೆ ಊಟದ ಪಂಕ್ತಿಯಲ್ಲೇ ಉಳಿದುಹೋಗುತ್ತದೆ, ಮನೆ ಮುಟ್ಟುವುದಿಲ್ಲ. ಆದರೂ 96 ಪುಟದ ಪುಸ್ತಕ ಮಾಡಿದೆ. 500 ಪ್ರತಿ ಮೂರು ವಾರದಲ್ಲಿ ಖಾಲಿಯಾದವು. ಜಗಳೂರು ಕಡೆಯಿಂದ ಕೇಳಿ ಕೇಳಿ ಇನ್ನೂ 300 ಹಾಕಿಸಬೇಕಾಯಿತು. ಈಗ ಅದೇ ಗೆಳೆಯರು ಹೇಗೆ ಮಾಡಿದೆ ಎಂದು ಕೇಳುತ್ತಿದ್ದಾರೆ. ಪುಟ ಕಟ್ಟುವುದು, ಸ್ಕ್ಯಾನ್ ಮಾಡುವುದು ನಿಮಗೆಲ್ಲ ಗೊತ್ತಿರುವ ಕೆಲಸ, ಅದನ್ನು ಮತ್ತೆ ಹೇಳುವುದಿಲ್ಲ. ಎಲ್ಲಿ ಸೋತೆ, ಎಲ್ಲಿ ದುಡ್ಡು ಹೋಯಿತು, ಕೊನೆಗೆ ಯಾವುದು ಕೈ ಹಿಡಿಯಿತು ಎಂಬುದಷ್ಟೇ ಇಲ್ಲಿದೆ.

ಅಜ್ಜಿ ಎ.ಎನ್.ಎಂ. (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ) ಆಗಿದ್ದವರು. 1967ರಲ್ಲಿ ಕೆಲಸಕ್ಕೆ ಸೇರಿ 2003ರಲ್ಲಿ ನಿವೃತ್ತಿ, ಹೆಚ್ಚುಕಡಿಮೆ ಎಲ್ಲ ವರ್ಷವೂ ಜಗಳೂರು ತಾಲ್ಲೂಕಿನ ಆರೋಗ್ಯ ಉಪಕೇಂದ್ರಗಳಲ್ಲೇ. ಕಾಗದದಲ್ಲಿ ಹುದ್ದೆ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ, ಊರ ಬಾಯಲ್ಲಿ ನರ್ಸಮ್ಮ. ಮನೆಯಲ್ಲಿ ಅಜ್ಜಿ. ಈ ಮೂರೂ ಒಂದೇ ಪುಸ್ತಕದಲ್ಲಿ ಕೂಡಬೇಕಿತ್ತು, ತೊಡಕಿದ್ದದ್ದು ಅಲ್ಲೇ.

ಮೊದಲ ಸೋಲು ಪ್ರಶ್ನೆಯದು. ಎರಡು ತಿಂಗಳಲ್ಲಿ ಇಪ್ಪತ್ತೆರಡೋ ಇಪ್ಪತ್ಮೂರೋ ಮನೆ, ಹನ್ನೊಂದು ತಾಸಿನಷ್ಟು ರೆಕಾರ್ಡಿಂಗ್. "ನರ್ಸಮ್ಮ ಹೇಗಿದ್ದರು?" ಎಂದು ಕೇಳಿದರೆ ಎಲ್ಲ ಕಡೆ ಒಂದೇ ಉತ್ತರ: ದೇವರಂಥೋರು, ಕೈಗುಣ ಚಲೋ ಇತ್ತು, ರಾತ್ರಿ ಅನ್ನದೆ ಹಗಲು ಅನ್ನದೆ ಬರೋರು. ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೆ ಹೊಳಲ್ಕೆರೆಯ ನರ್ಸಿಗೂ ಅದೇ ಮಾತು ಒಪ್ಪುತ್ತದೆ, ಮೊಳಕಾಲ್ಮುರಿನ ನರ್ಸಿಗೂ ಒಪ್ಪುತ್ತದೆ. ಟೈಪಿಂಗಿಗೆ ಪುಟಕ್ಕೆ 25 ರೂಪಾಯಿಯಂತೆ 140 ಪುಟ ಮಾಡಿಸಿದ್ದೆ, 3,500 ರೂಪಾಯಿ ಹೋಯಿತು. ಅದರಲ್ಲಿ ಪುಸ್ತಕಕ್ಕೆ ಬಂದದ್ದು ಒಂದೂವರೆ ಪುಟ.

ದಾರಿ ತೋರಿಸಿದ್ದು ಟ್ರಂಕು. ಅಟ್ಟದ ಮೇಲಿದ್ದ ಅಜ್ಜಿಯ ಟ್ರಂಕಿನಲ್ಲಿ ಅಲ್ಯೂಮಿನಿಯಂ ಫೀಟೊಸ್ಕೋಪು (ಬಸುರಿಯ ಹೊಟ್ಟೆಯ ಮೇಲಿಟ್ಟು ಕೂಸಿನ ಎದೆಬಡಿತ ಕೇಳುವ ಕೊಳವೆ), ಸಿರಿಂಜು ಕುದಿಸುವ ಸ್ಟೀಲ್ ಡಬ್ಬಿ, ಕಿಡ್ನಿ ಟ್ರೇ, ರಕ್ತನಾಳ ಹಿಡಿಯುವ ಆರ್ಟರಿ ಫೋರ್ಸೆಪ್ಸು, ಹೊಕ್ಕುಳಬಳ್ಳಿ ಕತ್ತರಿ, ಕೂಸು ತೂಗುವ ಸ್ಪ್ರಿಂಗ್ ತಕ್ಕಡಿ, ಸೆಟೆದುಹೋದ ರಬ್ಬರ್ ಶೀಟು, ರಕ್ತದ ಹಿಮೋಗ್ಲೋಬಿನ್ ನೋಡುವ, ಅರ್ಧ ಒಡೆದ ಸಾಹ್ಲಿ ಪೆಟ್ಟಿಗೆ ಇದ್ದವು. ಇಲ್ಲದ್ದನ್ನು ಕೊಂಡೆ: 2 ಸಿಸಿ ಮತ್ತು 5 ಸಿಸಿ ಗಾಜಿನ ಸಿರಿಂಜು, ತಕ್ಕಡಿಗೆ ಜೋಲಿ ಬಟ್ಟೆ, ಖಾಕಿ ಕ್ಯಾನ್ವಾಸಿನ ಚೀಲ. ಎಲ್ಲ ಸೇರಿ 2,200 ರೂಪಾಯಿಯ ಆಸುಪಾಸು. ಗಾಜಿನ ಸಿರಿಂಜು ಹೊಸ ಸರ್ಜಿಕಲ್ ಅಂಗಡಿಗಳಲ್ಲಿ ಸಿಗಲಿಲ್ಲ. ಪಶು ಔಷಧಿ ಅಂಗಡಿಯಲ್ಲಿ ಸಿಕ್ಕಿತು.

ಆಮೇಲೆ ಪ್ರಶ್ನೆ ಕೇಳುವುದನ್ನೇ ಬಿಟ್ಟೆ. ಸಾಮಾನನ್ನು ಕೈಗೆ ಕೊಟ್ಟು ಸುಮ್ಮನೆ ಕೂರುವುದು. ಜಗಳೂರು ಕಡೆಯ ಒಂದು ಹಳ್ಳಿಯಲ್ಲಿ ಎಂಬತ್ತು ದಾಟಿದ ತಾಯಿಯೊಬ್ಬರಿಗೆ ಫೀಟೊಸ್ಕೋಪು ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, ಅಗಲದ ಬಾಯಿ ಕೆಳಗೆ ಮಾಡಿ, ಮಡಚಿಟ್ಟ ಕೌದಿಯ ಮೇಲಿಟ್ಟರು. ಹೊಕ್ಕುಳಿಗಿಂತ ನಾಲ್ಕು ಬೆರಳು ಕೆಳಗೆ, ಎಡಕ್ಕೆ. ಬಾಗಿ ಕಿವಿ ಹಚ್ಚಿದರು. ಆಮೇಲೆ ಎರಡೂ ಕೈ ಮೇಲೆತ್ತಿ ಬಿಟ್ಟರು. "ಹಿಂಗೆ ಕೈ ಬಿಟ್ಟು ಕೇಳೋಳು, ನನ್ನ ಮಕ ನೋಡ್ತಿರಲಿಲ್ಲ, ಗಡಿಯಾರ ನೋಡೋಳು" ಅಂದರು. ಈ ಕೆಲಸ ಗೊತ್ತಿರುವವರಿಗೆ ಇದರ ಬೆಲೆ ಗೊತ್ತು. ಕೈ ಹಿಡಿದಿದ್ದರೆ ಬೆರಳಿನ ಸಪ್ಪಳವೇ ಕಿವಿಗೆ ಬರುತ್ತದೆ, ಆದ್ದರಿಂದ ಕಿವಿಯ ಒತ್ತಿಗೇ ಕೊಳವೆ ನಿಲ್ಲಬೇಕು. ಸೆಕೆಂಡ್ ಮುಳ್ಳಿನ ಎಚ್‌ಎಂಟಿ ಗಡಿಯಾರದಲ್ಲಿ ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಕೂಸಿನ ಎದೆಬಡಿತ ನಿಮಿಷಕ್ಕೆ 120ರಿಂದ 160ರ ಒಳಗೆ ಬರಬೇಕು. ಐವತ್ತು ವರ್ಷದ ಹಿಂದೆ ಚಾಪೆಯ ಮೇಲೆ ಮಲಗಿದ್ದ ಬಸುರಿಯ ಮೈ ಅದನ್ನೆಲ್ಲ ನೆನಪಿಟ್ಟಿತ್ತು. ನಾನು ಬಾಯಿಮಾತಿನಲ್ಲಿ ಕೇಳಿದ್ದರೆ ಮತ್ತೆ "ದೇವರಂಥೋರು" ಎಂಬುದೇ ಸಿಗುತ್ತಿತ್ತು.

ಒಂದು ಮನೆಗೆ ಒಂದೇ ಸಾಮಾನು. ಚೀಲ ಪೂರ್ತಿ ಸುರಿದರೆ ಮನೆಮಂದಿಯೆಲ್ಲ ಸುತ್ತ ಕೂತು ಮ್ಯೂಸಿಯಂ ನೋಡಿದಂತೆ ನೋಡುತ್ತಾರೆ, ಮಾತು ಹೊರಡುವುದಿಲ್ಲ. ಹೊಸ ಓಣಿಯಲ್ಲಿ ಮೊದಲು ಸ್ಪ್ರಿಂಗ್ ತಕ್ಕಡಿ ತೆಗೆಯಬೇಕು. ಅದರಲ್ಲಿ ನಾಚಿಕೆಯ ಮಾತಿಲ್ಲ, ಗಂಡಸರೂ ಬಂದು ಕೂರುತ್ತಾರೆ. ಫೀಟೊಸ್ಕೋಪು, ಕತ್ತರಿ ಹೆಂಗಸರಷ್ಟೇ ಇದ್ದಾಗ. ಸಿರಿಂಜಿನ ಡಬ್ಬಿ ಕೊನೆಗೆ, ಅದೂ ಆಗ ಚುಚ್ಚಿಸಿಕೊಂಡ ಮಕ್ಕಳಿಗೆ. ಅವರಿಗೀಗ ನಲವತ್ತೈದು, ಐವತ್ತು ವಯಸ್ಸು. ಒಂದು ಓಣಿಯ ಕೆಲಸ ಒಂದೇ ದಿನ ಮುಗಿಸಬೇಡಿ. ಮೊದಲ ದಿನ ತೋರಿಸಿ ಬಂದು ನಾಲ್ಕು ದಿನ ಬಿಟ್ಟು ಹೋದರೆ, ಅಷ್ಟರಲ್ಲಿ ಅವರವರೇ ಮಾತಾಡಿಕೊಂಡು ಅರ್ಧ ಕೆಲಸ ಮಾಡಿಟ್ಟಿರುತ್ತಾರೆ. ಬಾಯಿಯೇ ಬಿಡದ ಹಿರಿಯರಿಂದ ಮೊದಲ ಮಾತು ಹೊರಡಿಸಲು ನನ್ನ ಬಳಿ ಒಂದು ಉಪಾಯವಿದೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಮುಂದಿನ ಎರಡು ಪುಸ್ತಕಕ್ಕೆ ಬೇಕು.

ಸಮಯ ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರು. ಸೋಮವಾರ ಎತ್ತು ಹೂಡದ ಮನೆಗಳಲ್ಲಿ ಆ ದಿನ ಒಳ್ಳೆಯದು. ಮೆಕ್ಕೆಜೋಳ ಮುರಿಯುವ ಕಾಲದಲ್ಲಿ ಹೋಗಲೇಬಾರದು. ಒಕ್ಕುವ ಮಷೀನಿನ ಸದ್ದು ಅರ್ಧ ಕಿಲೊಮೀಟರ್ ದೂರದಿಂದಲೂ ರೆಕಾರ್ಡಿಂಗಿಗೆ ಬರುತ್ತದೆ. ಎರಡು ಫೋನಿನಲ್ಲಿ ರೆಕಾರ್ಡ್ ಮಾಡಿ, ಏರೋಪ್ಲೇನ್ ಮೋಡಿನಲ್ಲಿಟ್ಟು, ಮಡಚಿದ ಟವೆಲ್ ಮೇಲಿಡಿ. ನೆಲದ ಮೇಲಿಟ್ಟರೆ ಎಲೆ ಅಡಿಕೆ ಕುಟ್ಟುವ ಸದ್ದು ಸುತ್ತಿಗೆ ಬಡಿದಂತೆ ಕೇಳುತ್ತದೆ. ಎರಡನೇ ಸುತ್ತಿನಲ್ಲಿ ಟೈಪಿಂಗಿಗೆ ದುಡ್ಡು ಕೊಡಲಿಲ್ಲ. ಇಯರ್‌ಫೋನಿನಲ್ಲಿ ಕೇಳುತ್ತ ನಾನೇ ಗಟ್ಟಿಯಾಗಿ ಹೇಳುತ್ತ ಹೋದೆ, ಫೋನೇ ಕನ್ನಡದಲ್ಲಿ ಬರೆದುಕೊಂಡಿತು. ಅವರ ಧ್ವನಿಯನ್ನು ನೇರವಾಗಿ ಕೊಟ್ಟರೆ ನಮ್ಮ ಕಡೆಯ ಮಾತು ಅದಕ್ಕೆ ತಿಳಿಯುವುದಿಲ್ಲ.

ಇದರ ನಡುವೆ ಇನ್ನೊಂದು ಪರೀಕ್ಷೆಯನ್ನೂ ಮಾಡಿ ನೋಡಿದೆ. ವಸ್ತುವಿನಂತೆ ಸದ್ದು, ವಾಸನೆಯೂ ನೆನಪು ತರುತ್ತವೆಯೇ ಎಂದು. ಪಂಪ್ ಸ್ಟೋವ್ ಹಚ್ಚಿ, ಡಬ್ಬಿಯಲ್ಲಿ ಸಿರಿಂಜು ಕುದಿಸಿದೆ. ನೀರು ಮರಳಿದ ಮೇಲೆ 20 ನಿಮಿಷ, ಅಜ್ಜಿ ಮಾಡುತ್ತಿದ್ದಂತೆಯೇ. ಆ ಸದ್ದನ್ನು ರೆಕಾರ್ಡ್ ಮಾಡಿ ಏಳೆಂಟು ಮನೆಗಳಲ್ಲಿ ಕೇಳಿಸಿದೆ. ಏನೂ ಆಗಲಿಲ್ಲ. ಡೆಟಾಲ್, ಸೀಮೆಎಣ್ಣೆ, ಸ್ಪಿರಿಟ್ ಅದ್ದಿದ ಹತ್ತಿ ಮೂರನ್ನೂ ಬೇರೆ ಬೇರೆ ಬಾಟಲಿಯಲ್ಲಿ ಒಯ್ದಾಗ ವ್ಯತ್ಯಾಸ ಕಂಡಿತು. ತಾಯಂದಿರಿಗೆ ಡೆಟಾಲ್, ಆಗ ಮಕ್ಕಳಾಗಿದ್ದವರಿಗೆ ಸ್ಪಿರಿಟ್. ಸ್ಪಿರಿಟ್ ಹತ್ತಿ ಮೂಗಿಗೆ ಹಿಡಿದರೆ ಐವತ್ತರ ಗಂಡಸರೂ ಎಡಗೈ ತೋಳು ಮುಟ್ಟಿಕೊಳ್ಳುತ್ತಿದ್ದರು. ಸೂಜಿಯನ್ನು ಕಲ್ಲಿಗೆ ತೀಡಿ ಚೂಪು ಮಾಡುತ್ತಿದ್ದದ್ದು, ಶಾಲೆಯ ಕಿಟಕಿ ಹಾರಿ ಓಡಿದ್ದು, ನರ್ಸಮ್ಮ ಬೆನ್ನಟ್ಟದೆ ಮರುದಿನ ಬೆಳಗ್ಗೆ ಮನೆಗೇ ಬಂದು ಚುಚ್ಚಿದ್ದು ಎಲ್ಲ ಸಿಕ್ಕಿದ್ದು ಹೀಗೆ.

ಇಸವಿ ಹಿಡಿಯುವುದು ಈ ಕೆಲಸದ ಬೆನ್ನೆಲುಬು. "ನಿಮ್ಮ ಮಗ ಹುಟ್ಟಿದ್ದು ಯಾವಾಗ" ಎಂದರೆ ಆಧಾರ್ ಕಾರ್ಡ್ ತೋರಿಸುತ್ತಾರೆ. ಅದರಲ್ಲಿ ಅರ್ಧಕ್ಕರ್ಧ ಜೂನ್ 1, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು. ಅದನ್ನು ನಂಬಬೇಡಿ. ಊರಿಗೆ ಗೊತ್ತಿರುವ ಘಟನೆಗಳ ಗೂಟ ಹೊಡೆದುಕೊಂಡು ಅದಕ್ಕೆ ಕಟ್ಟಬೇಕು. 1972ರ ಬರ, ತುರ್ತು ಪರಿಸ್ಥಿತಿಯ ಸಂತಾನಹರಣ ಆಪರೇಷನ್ ಕಾಲ, ಇಂದಿರಾ ಗಾಂಧಿ ಚಿಕ್ಕಮಗಳೂರಿಗೆ ನಿಂತ 1978, ಆಕೆ ತೀರಿಕೊಂಡ 1984, ಮೊದಲ ಸಲ ಎಲ್ಲ ಮಕ್ಕಳಿಗೂ ಒಂದೇ ದಿನ ಪೋಲಿಯೊ ಹನಿ ಹಾಕಿದ 1995ರ ಡಿಸೆಂಬರ್, ರಾಜ್‌ಕುಮಾರ್ ಅಪಹರಣವಾದ 2000. "ಅಣ್ಣಾವ್ರನ್ನ ಹಿಡ್ಕೊಂಡು ಹೋದಾಗ ನೀವು ಬಸುರಿಯೋ ಬಾಣಂತಿಯೋ" ಎಂದು ಕೇಳಿದರೆ ಜುಲೈನಿಂದ ನವೆಂಬರ್ ಒಳಗೆ ತಿಂಗಳೂ ಸಿಕ್ಕಿಬಿಡುತ್ತದೆ.

ತೋಳಿನ ಕಲೆಯೂ ದಾಖಲೆಯೇ. ಎಡತೋಳಿನ ಮೇಲೆ ಚಿಕ್ಕ ದುಂಡು ಗುಳಿ ಕ್ಷಯದ ಲಸಿಕೆ ಬಿಸಿಜಿಯದು. ಅಗಲವಾಗಿ, ಗೆರೆಗೆರೆಯಾಗಿ ಸುಕ್ಕು ಹಿಡಿದದ್ದು ಸಿಡುಬಿನ ಲಸಿಕೆಯದು. ದೇಶದಲ್ಲಿ ಸಿಡುಬಿನ ಕೊನೆಯ ಪ್ರಕರಣಗಳು 1975ರವು. ಆ ದಶಕ ಮುಗಿಯುವಷ್ಟರಲ್ಲಿ ಲಸಿಕೆಯೂ ನಿಂತಿತು. ಒಂದೇ ಮನೆಯ ಅಣ್ಣತಮ್ಮಂದಿರಲ್ಲಿ ಯಾರಿಂದ ಮುಂದಕ್ಕೆ ತೋಳಿನಲ್ಲಿ ಅಗಲದ ಕಲೆ ಇಲ್ಲ ಎಂದು ನೋಡಿದರೆ ಎರಡು ಮೂರು ವರ್ಷದ ಆಚೀಚೆ ಲೆಕ್ಕ ಸಿಗುತ್ತದೆ. ದಡಾರ ಚುಚ್ಚುಮದ್ದಿನ ಮಾತು ಬಂತೆಂದರೆ 1985ರ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮ ಶುರುವಾದ ಮೇಲಿನ ಕಥೆ ಎಂದು ಹಿಡಿದುಕೊಳ್ಳಬಹುದು.

ಕಾಗದಗಳಿಗೆ ಸೀಲೇ ಪಂಚಾಂಗ. 1973ರ ನವೆಂಬರ್‌ಗಿಂತ ಹಿಂದಿನ ಸೀಲಿನಲ್ಲಿ ಮೈಸೂರು ರಾಜ್ಯ, ಆಮೇಲೆ ಕರ್ನಾಟಕ. ಜಗಳೂರು 1997ರ ಆಗಸ್ಟ್ 15ರವರೆಗೆ ಚಿತ್ರದುರ್ಗ ಜಿಲ್ಲೆ, ಆಮೇಲೆ ದಾವಣಗೆರೆ. ತಾರೀಖು ಅಳಿಸಿಹೋದ ಹತ್ತಾರು ಚೀಟಿಗಳನ್ನು ಇದರಿಂದಲೇ ಮೂರು ಕಟ್ಟು ಮಾಡಿದೆ. ಆದರೆ ಒಂದು ಎಚ್ಚರ: ಹಳೆ ಸೀಲು ಸವೆಯುವವರೆಗೆ ಬಳಸುತ್ತಿದ್ದರು. 1975ರ ತಾರೀಖಿರುವ ಚೀಟಿಯ ಮೇಲೂ ಮೈಸೂರು ಎಂಬ ಸೀಲು ಸಿಕ್ಕಿದೆ. ಆದ್ದರಿಂದ ಹೊಸ ಹೆಸರಿನ ಸೀಲು "ಇದಕ್ಕಿಂತ ಹಿಂದಲ್ಲ" ಎಂದು ಗಟ್ಟಿಯಾಗಿ ಹೇಳುತ್ತದೆ, ಹಳೆ ಹೆಸರಿನ ಸೀಲು ಏನನ್ನೂ ಗಟ್ಟಿಯಾಗಿ ಹೇಳುವುದಿಲ್ಲ.

ಸೇವಾ ವಹಿಯ (ಸರ್ವಿಸ್ ಬುಕ್) ಪ್ರತಿ ಸಿಗಲು ಆರು ತಿಂಗಳು ಹಿಡಿಯಿತು. ನಾಲ್ಕು ಸಲ ಅಲೆದಾಟ. ಬೇಸರವಾದರೂ ಬಿಡಬೇಡಿ. ಬಡ್ತಿ, ವರ್ಗಾವಣೆಗಿಂತ ರಜೆಯ ಕಾಲಂ ಮುಖ್ಯ. ಅಜ್ಜಿಯ ಸೇವಾ ವಹಿಯಲ್ಲಿ ಮೂರು ಪ್ರಸೂತಿ ರಜೆಗಳಿವೆ. ಊರಿನವರ ಹೆರಿಗೆಯ ನೆನಪುಗಳನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ, ಎರಡನೇ ರಜೆ ಮುಗಿದ ಐದನೇ ದಿನವೇ ಆಕೆ ಇನ್ನೊಬ್ಬರ ಮನೆಯಲ್ಲಿ ರಾತ್ರಿಯೆಲ್ಲ ಕೂತು ಹೆರಿಗೆ ಮಾಡಿಸಿದ್ದಾರೆ. ಎದೆಹಾಲು ಕುಡಿಯುವ ಕೂಸನ್ನು ಆ ಮನೆಯ ಅತ್ತೆಯೇ ತೊಡೆಯ ಮೇಲೆ ಇಟ್ಟುಕೊಂಡಿದ್ದರಂತೆ. ಇದು ಯಾರ ಬಾಯಲ್ಲೂ ಹೊಗಳಿಕೆಯಾಗಿ ಬಂದದ್ದಲ್ಲ. ಎರಡು ಕಾಲಂ ಹೊಂದಿಸಿದಾಗ ತಾನಾಗಿ ಎದ್ದು ಬಂತು. ಪುಸ್ತಕದಲ್ಲಿ ಅದಕ್ಕೆ ವಿಶೇಷಣ ಹಚ್ಚಲಿಲ್ಲ, ಎರಡು ತಾರೀಖು ಅಕ್ಕಪಕ್ಕ ಅಚ್ಚು ಹಾಕಿದೆ. ನಿವೃತ್ತಿಗೆ ಹತ್ತಿರದ ವರ್ಷಗಳಲ್ಲಿ ಹದಿನೈದು ದಿನದ ಗಳಿಕೆ ರಜೆಗಳು ಬರುತ್ತವೆ. ಒಂದೊಂದರ ಎದುರಿಗೂ ಒಬ್ಬ ಮೊಮ್ಮಗ, ಒಬ್ಬಳು ಮೊಮ್ಮಗಳು. ನರ್ಸು ಅಜ್ಜಿಯಾದದ್ದೂ ಸರ್ಕಾರಿ ಕಾಗದದಲ್ಲೇ ಇತ್ತು.

ದಿನಚರಿ ಪುಸ್ತಕಗಳು ಹತ್ತೊಂಬತ್ತು. ಸರ್ಕಾರಿ ರಿಜಿಸ್ಟರುಗಳು ಕಚೇರಿಯವು, ಅವನ್ನು ಕೇಳಲೂ ಹೋಗಬಾರದು. ಇವು ಆಕೆ ಸ್ವಂತಕ್ಕೆ ಬರೆದಿಟ್ಟವು. ನೀಲಿ ಶಾಯಿ ಮಾಸಿ, ಹಾಳೆ ಹಳದಿಯಾಗಿ, ನೀರು ಕುಡಿದು, ಕೆಲವು ಕಡೆ ಗೆದ್ದಲು ಹತ್ತಿತ್ತು. ಕಪ್ಪುಬಿಳುಪಿನಲ್ಲಿ ಸ್ಕ್ಯಾನ್ ಮಾಡಿ ಒಂದು ವಾರ ಹಾಳು ಮಾಡಿದೆ. 600 ಡಿಪಿಐನಲ್ಲಿ ಕಲರ್ ಸ್ಕ್ಯಾನ್ ಮಾಡಿ, ಫೋಟೊಶಾಪ್‌ನಲ್ಲಿ ಕೆಂಪು ಚಾನೆಲ್ (ಚಿತ್ರದ ಕೆಂಪು ಬೆಳಕಿನ ಪದರ) ಮಾತ್ರ ಇಟ್ಟುಕೊಳ್ಳಬೇಕು. ನೀಲಿ ಶಾಯಿ ಕೆಂಪು ಬೆಳಕನ್ನು ನುಂಗುವುದರಿಂದ ಅಲ್ಲಿ ಕಪ್ಪಾಗಿ ಕಾಣುತ್ತದೆ. ಹಳದಿ ಕಲೆ ಕೆಂಪನ್ನು ಬಿಟ್ಟುಕೊಡುವುದರಿಂದ ಮಾಯವಾಗುತ್ತದೆ. ಒಂದೇ ಏಟಿಗೆ ಎರಡು ಕೆಲಸ. ನೇರಳೆ ಸೀಲು ಓದಲು ಹಸಿರು ಚಾನೆಲ್ ನೋಡಿ. ಅಂಟಿಕೊಂಡ ಹಾಳೆಗಳನ್ನು ಚಾಕುವಿನಿಂದ ಬಿಡಿಸಬೇಡಿ, ಇಸ್ತ್ರಿ ಅಂತೂ ಮುಟ್ಟಿಸಲೇಬೇಡಿ. ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒದ್ದೆ ಸ್ಪಂಜಿನ ಜೊತೆ, ಒಂದಕ್ಕೊಂದು ತಾಗದ ಹಾಗೆ, ಒಂದು ರಾತ್ರಿ ಇಟ್ಟು, ಬೆಳಗ್ಗೆ ಬೆಣ್ಣೆ ಕಾಗದ ತೂರಿಸಿ ಬಿಡಿಸಿದರೆ ಬರುತ್ತದೆ. ನೀರಿಗೆ ಕದಡುವ ಶಾಯಿಯಾದರೆ ಈ ದಾರಿ ಬೇಡ. ಮೊದಲು ಒಂದು ಮೂಲೆಯಲ್ಲಿ ಒದ್ದೆ ಹತ್ತಿ ಒತ್ತಿ ನೋಡಿಕೊಳ್ಳಿ.

ಆ ಡೈರಿಗಳಲ್ಲಿ ಸಾಹಿತ್ಯವಿಲ್ಲ. "ಐಸ್ ಕರಗಿತು, ವಾಪಸ್" ಎಂದು ಒಂದು ಸಾಲು. ಲಸಿಕೆ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಬಸ್ಸು ಕೆಟ್ಟು ನಿಂತು ಐಸ್ ನೀರಾದರೆ ಅಷ್ಟೂ ಲಸಿಕೆ ಅನುಮಾನಕ್ಕೆ ಬೀಳುತ್ತದೆ. ಇನ್ನೊಂದು ಕಡೆ "ಡಿಪಿಟಿ ಐಸಿಗೆ ತಾಗಿದೆ, ಹಾಕಿಲ್ಲ." ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯುವಿನ ಲಸಿಕೆಯಾದ ಡಿಪಿಟಿ ಹೆಪ್ಪುಗಟ್ಟಿದರೆ ಕೆಡುತ್ತದೆ, ಬಿಸಿಯಷ್ಟೇ ಚಳಿಯೂ ಅದಕ್ಕೆ ಶತ್ರು. ಕೆಟ್ಟಿದ್ದನ್ನು ಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೂರು ಹಳ್ಳಿಯ ಮಕ್ಕಳನ್ನು ಸೇರಿಸಿ ಕೂರಿಸಿದ ಮೇಲೆ ಹಾಕದೆ ಕಳಿಸಿದ್ದಾರೆ. "ಶ್ರದ್ಧೆ" ಎಂಬ ಅಧ್ಯಾಯ ಬರೆಯಬೇಕೆಂದು ಒತ್ತಾಯವಿತ್ತು. ಅದರ ಬದಲು ಆ ಎರಡು ಸಾಲಿನ ಫೋಟೊವನ್ನು ಇಡೀ ಪುಟಕ್ಕೆ ದೊಡ್ಡದು ಮಾಡಿ ಹಾಕಿದೆ.

ಎಷ್ಟು ಹೆರಿಗೆ ಎಂಬುದು ಎಲ್ಲರ ಪ್ರಶ್ನೆ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದ ಮೇಲೆ ನಮ್ಮ ಕಡೆ ಸೂಲಗಿತ್ತಿಯರ ಸುದ್ದಿ ಬಂದಾಗಲೆಲ್ಲ ಸಂಖ್ಯೆ ಕೇಳುವ ರೂಢಿ ಬಿದ್ದಿದೆ. ಬಂಧುಗಳು "ಹತ್ತು ಸಾವಿರ ಹಾಕು" ಎಂದರು. ನಾನು ಒಪ್ಪಲಿಲ್ಲ. ಡೈರಿಯ ಹೆರಿಗೆ ಗುರುತು, ತಾಯಂದಿರು ಹೇಳಿದ್ದು, ಮನೆಯಲ್ಲಿ ಸಿಕ್ಕ ವಾರ್ಷಿಕ ಒಟ್ಟು ಲೆಕ್ಕದ ಚೀಟಿಗಳು, ಈ ಮೂರರಲ್ಲಿ ಎರಡು ಕಡೆ ಬಂದ ಒಂದೇ ಹೆರಿಗೆಯನ್ನು ತೆಗೆದು ಎಣಿಸಿದರೆ 2,300ರ ಆಸುಪಾಸು ನಿಂತಿತು. ಡೈರಿ ಕಳೆದುಹೋದ ವರ್ಷಗಳನ್ನು ಸರಾಸರಿ ಹಾಕಿ ತುಂಬಲಿಲ್ಲ, ಖಾಲಿ ಬಿಟ್ಟೆ. ತನ್ನ ಹೆರಿಗೆ ಲೆಕ್ಕಕ್ಕೆ ಬಂದಿಲ್ಲ ಎಂದು ಜನ ಹುಡುಕಿಕೊಂಡು ಬಂದದ್ದೇ ಆ ಖಾಲಿ ವರ್ಷಗಳಿಂದ. ಮೊದಲ ಮುದ್ರಣದ ನಂತರ ಹೀಗೆ ಅರವತ್ತರ ಮೇಲೆ ಹೆಸರು ಬಂದವು.

ಹೆಸರುಗಳ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಡೈರಿಯಲ್ಲಿ ಸತ್ತು ಹುಟ್ಟಿದ ಕೂಸುಗಳಿವೆ, ಗರ್ಭಪಾತಗಳಿವೆ, ಮದುವೆಗೆ ಮುಂಚಿನ ಬಸಿರುಗಳಿವೆ, ಗಂಡನಿಗೆ ಹೇಳದೆ ಹಾಕಿಸಿಕೊಂಡ ಕಾಪರ್-ಟಿಗಳಿವೆ. ನಲವತ್ತು ವರ್ಷವಾದರೂ ಅವು ಆ ಹೆಣ್ಣುಮಕ್ಕಳ ಗುಟ್ಟುಗಳೇ. ಅಜ್ಜಿ ಬಾಯಿ ಬಿಡದೆ ಹೋದದ್ದನ್ನು ಪುಸ್ತಕ ಬಾಯಿಬಿಟ್ಟು ಹೇಳಬಾರದು. ಆ ಪುಟಗಳನ್ನು ಸ್ಕ್ಯಾನ್ ಕೂಡ ಮಾಡಲಿಲ್ಲ. ಅಚ್ಚಾದ ಪ್ರತಿ ಹೆಸರಿಗೂ ಆ ತಾಯಿಯ ಎದುರು ಕೂತು ಓದಿ ಹೇಳಿ, ಹೂಂ ಎನ್ನಿಸಿಕೊಂಡು, ಆ ಹೂಂ ಅನ್ನೂ ರೆಕಾರ್ಡ್ ಮಾಡಿದ್ದೇನೆ. ತಾಯಿ ಹೂಂ ಎಂದರೂ ಸೊಸೆ ಬೇಡವೆಂದ ಎರಡು ಮನೆಗಳ ಮಾತನ್ನು ತೆಗೆದೆ.

ಫೋಟೊ ಇದ್ದದ್ದು ಆರು. ತರಬೇತಿ ಮುಗಿಸಿದಾಗ ತೆಗೆಸಿದ ಫೋಟೊ ಫ್ರೇಮಿನ ಗಾಜಿಗೇ ಅಂಟಿಕೊಂಡಿತ್ತು. ಸರಿ ಮಾಡುತ್ತೇವೆಂದ ಒಂದು ಅಂಗಡಿಯಲ್ಲಿ ನೀರಿನಲ್ಲಿ ನೆನೆಸಿ ಎಳೆದರು. ಹಣೆಯ ಎಡಭಾಗ ಗಾಜಿನ ಮೇಲೆಯೇ ಉಳಿಯಿತು, 1,800 ರೂಪಾಯಿಯೂ ಹೋಯಿತು. ಅಂಟಿದ್ದನ್ನು ಎಳೆಯಬಾರದು, ಗಾಜಿನ ಸಮೇತವೇ ಸ್ಕ್ಯಾನ್ ಮಾಡಬೇಕು. ಫ್ಲಾಟ್‌ಬೆಡ್ ಸ್ಕ್ಯಾನರ್ ಸಿಸಿಡಿ (ಒಳಗೆ ಲೆನ್ಸಿರುವ ದಪ್ಪನೆಯ ಬಗೆ) ಆಗಿದ್ದರೆ ಗಾಜಿನ ದಪ್ಪ ದಾಟಿಯೂ ಚೂಪಾಗಿ ಬರುತ್ತದೆ, ತೆಳ್ಳನೆಯ ಸಿಐಎಸ್ ಸ್ಕ್ಯಾನರಿನಲ್ಲಿ ಮಸುಕು. ಸಿಸಿಡಿ ಇಲ್ಲದಿದ್ದರೆ ಕ್ಯಾಮೆರಾ ನೆಟ್ಟಗೆ ಮೇಲಿಟ್ಟು, ಎರಡು ಕಡೆಯಿಂದ 45 ಡಿಗ್ರಿಯಲ್ಲಿ ದೀಪ ಬಿಟ್ಟು, ಕ್ಯಾಮೆರಾಗೆ ಕಪ್ಪು ಬಟ್ಟೆ ಸುತ್ತಿ. ಉಳಿದ ಐದನ್ನು ಹೀಗೇ ಮಾಡಿದೆ.

ಫೋನಿನ ಎಐ ಆ್ಯಪಿನಲ್ಲಿ ಮುಖ ತಿದ್ದಿಸಲು ಹೋಗಿ ಇನ್ನೊಂದು ಪಾಠ ಕಲಿತೆ. ಚರ್ಮ ನುಣುಪಾಯಿತು, ಕಣ್ಣು ಹೊಳೆಯಿತು, ಎಲ್ಲರೂ ಚೆನ್ನಾಗಿದೆ ಎಂದರು. ಪ್ರಿಂಟ್ ತೆಗೆದು ಜಗಳೂರು ಕಡೆ ಒಯ್ದರೆ ಹಳಬರು ಯಾರೂ ಗುರುತು ಹಿಡಿಯಲಿಲ್ಲ. ಅಜ್ಜಿಯ ಎರಡೂ ಕೆನ್ನೆಯ ಮೇಲೆ ಸಿಡುಬಿನ ಗುಳಿಗಳಿದ್ದವು. ಆ್ಯಪು ಅವನ್ನು ಕೊಳೆ ಎಂದುಕೊಂಡು ಒರೆಸಿಹಾಕಿತ್ತು. ಲಸಿಕೆಗೆ ಹೆದರುವ ಮನೆಗಳಲ್ಲಿ ಆಕೆ ತನ್ನ ಕೆನ್ನೆಯನ್ನೇ ತೋರಿಸಿ ಒಪ್ಪಿಸುತ್ತಿದ್ದರು ಎಂದು ಆಮೇಲೆ ಮೂರು ಮನೆಯಲ್ಲಿ ಹೇಳಿದರು. ಆ ಗುಳಿಗಳು ಕಾಣದ ಫೋಟೊ ಆಕೆಯದಲ್ಲ. ಕೈಯಿಂದಲೇ, ಗೀರು ಮತ್ತು ಗೆದ್ದಲಿನ ತೂತು ಮಾತ್ರ ತುಂಬಿ, 200 ಪರ್ಸೆಂಟ್ ಜೂಮಿನಲ್ಲಿ ಒಂದೊಂದು ಗುಳಿ ಉಳಿಸಿ ಸರಿ ಮಾಡಿದೆ. ಹನ್ನೆರಡು ತಾಸು ಹಿಡಿಯಿತು. ದಾವಣಗೆರೆಯಲ್ಲಿ ಈ ಕೆಲಸವನ್ನು ನನಗಿಂತ ಅಚ್ಚುಕಟ್ಟಾಗಿ ಮಾಡುವವರನ್ನು ನಾನಿನ್ನೂ ನೋಡಿಲ್ಲ.

ಅಜ್ಜಿತನದ ಭಾಗಕ್ಕೂ ಅದೇ ವಿಧಾನ. ಮೊಮ್ಮಕ್ಕಳನ್ನು ಕೂರಿಸಿ ಕೇಳಿದರೆ "ತುಂಬಾ ಪ್ರೀತಿ" ಎನ್ನುತ್ತಾರೆ. ಅವರ ಎದುರು ಬಾಗಿಲ ಚೌಕಟ್ಟಿನ ಮೇಲಿನ ಪೆನ್ಸಿಲ್ ಗೆರೆಗಳ ಫೋಟೊ ಇಟ್ಟೆ. ತಿಂಗಳಿಗೊಮ್ಮೆ ತೂಕ, ಹುಟ್ಟಿದ ತಾರೀಖಿಗೆ ಎತ್ತರ. ತೂಕಕ್ಕೆ ಊರಿನ ಮಕ್ಕಳಿಗೆ ಹಿಡಿದ ಅದೇ ಸ್ಪ್ರಿಂಗ್ ತಕ್ಕಡಿ. ಮಗುವಿಗೆ ಗಿಣ್ಣುಹಾಲು ಹಿಂಡಿ ಚೆಲ್ಲುವ ಪದ್ಧತಿ, ಬೆಲ್ಲದ ನೀರು ನೆಕ್ಕಿಸುವ ಪದ್ಧತಿ ಎರಡಕ್ಕೂ ಊರಲ್ಲಿ ಜಗಳಾಡಿದಂತೆ ಮನೆಯಲ್ಲೂ ಬೀಗರ ಜೊತೆ ಜಗಳಾಡಿದ್ದಾರೆ. ಬಾಣಂತಿ ಕೋಣೆಗೆ ಓಮದ ಹೊಗೆ ಹಾಕುವಾಗ ಕಿಟಕಿ ತೆಗೆಸುತ್ತಿದ್ದರು. ಎಣ್ಣೆ ನೀರು ಎರೆಯುವುದಕ್ಕೆ ಮಾತ್ರ ತಕರಾರಿರಲಿಲ್ಲ. ಆದರೆ ಮೂಗಿಗೆ ಎಣ್ಣೆ ಬಿಡಲು ಬಿಡುತ್ತಿರಲಿಲ್ಲ.

ಬಾಣಂತಿಗೆ ಕಟ್ಟುತ್ತಿದ್ದ ಅಂಟಿನುಂಡೆಯನ್ನು ಪುಸ್ತಕಕ್ಕೆ ತರುವುದು ಒಂದು ಬೇರೆಯೇ ಸಾಹಸವಾಯಿತು. ಆಕೆಯ ಅಳತೆ ಪಾವು, ಹಿಡಿ, ಬೊಗಸೆ. ಮನೆಯ ನಾಲ್ಕು ಹೆಂಗಸರಿಗೆ ಬೇರೆ ಬೇರೆ ದಿನ ಮಾಡಲು ಹೇಳಿ, ಹಾಕುವ ಮುಂಚೆ ಪ್ರತಿಯೊಂದನ್ನೂ ತೂಗಿಕೊಂಡೆ. ಒಣಕೊಬ್ಬರಿ ಒಂದು ಕಿಲೊ, ಉತ್ತುತ್ತಿ ಅರ್ಧ ಕಿಲೊ, ಅಂಟು 250 ಗ್ರಾಂ, ಬೆಲ್ಲ 700ರಿಂದ 750 ಗ್ರಾಂ, ಗಸಗಸೆ 100 ಗ್ರಾಂ, ಅಂಟು ಕರಿಯಲು ತುಪ್ಪ. ಮೊದಲ ಎರಡು ಸಲ ಕೆಟ್ಟಿತು. ಉರಿ ಜೋರಾದರೆ ಅಂಟು ಹೊರಗೆ ಅರಳಿ ಒಳಗೆ ಕಲ್ಲಾಗಿ ಉಳಿಯುತ್ತದೆ, ಹಲ್ಲಿಗೆ ಮೆತ್ತುತ್ತದೆ. ಸಣ್ಣ ಉರಿಯಲ್ಲಿ ನಾಲ್ಕೈದು ಹರಳಷ್ಟೇ ಒಮ್ಮೆಗೆ ಬಿಟ್ಟು, ಒಂದನ್ನು ಒಡೆದು ನೋಡಬೇಕು. ಬೆಲ್ಲದ ಪಾಕ ಒಂದೆಳೆ ದಾಟಿದರೆ ಉಂಡೆ ಮರುದಿನಕ್ಕೆ ಕುಟ್ಟಾಣಿಗೂ ಬಗ್ಗುವುದಿಲ್ಲ. ಅಜ್ಜಿ ಇದಕ್ಕೆ ಇನ್ನೊಂದು ಸಾಮಾನು ಸೇರಿಸುತ್ತಿದ್ದರು, ಅದು ಮನೆಯೊಳಗೇ ಇರಲಿ ಎಂದು ಹೆಣ್ಣುಮಕ್ಕಳು ಹೇಳಿದ್ದರಿಂದ ಪುಸ್ತಕದಲ್ಲೂ ಹಾಕಿಲ್ಲ. ಈ ಒಂದು ಪುಟವನ್ನೇ ಜೆರಾಕ್ಸ್ ಮಾಡಿಕೊಂಡವರು ಬಹಳ.

ಮುದ್ರಣಕ್ಕೆ ಬಂದರೆ, 1/8 ಡೆಮಿ ಅಳತೆ, ಒಳಗೆ 70 ಜಿಎಸ್‌ಎಂ ನ್ಯಾಚುರಲ್ ಶೇಡ್ ಮ್ಯಾಪ್ಲಿತೊ (ಹೊಳಪಿಲ್ಲದ ಕಾಗದ), 16 ಪುಟದ ಆರು ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು). ಅಕ್ಷರ 15 ಪಾಯಿಂಟ್, ಸಾಲಿನಂತರ 22. ಸಾಮಾನ್ಯ ಪುಸ್ತಕಕ್ಕೆ ಇದು ದೊಡ್ಡದು. ಓದುವವರಿಗೆ ಪೊರೆ ಆಪರೇಷನ್ ಆಗಿದೆ, ಕೆಲವರಿಗೆ ಆಗಬೇಕಿದೆ. 12ರಲ್ಲಿ ಕಟ್ಟಿದ್ದರೆ 72 ಪುಟದಲ್ಲಿ ಮುಗಿದು ಏಳೆಂಟು ಸಾವಿರ ಉಳಿಯುತ್ತಿತ್ತು, ಪುಸ್ತಕ ಮಾತ್ರ ಕಪಾಟಿನಲ್ಲಿ ಉಳಿಯುತ್ತಿತ್ತು. ಅಧ್ಯಾಯಗಳನ್ನು ಹುಟ್ಟಿನಿಂದ ಸಾವಿನವರೆಗೆ ಜೋಡಿಸಲಿಲ್ಲ. ಬೆಳಗಿನ ಐದೂವರೆಗೆ ಸ್ಟೋವ್ ಹಚ್ಚುವುದರಿಂದ ರಾತ್ರಿ ಡೈರಿ ಬರೆದು ದೀಪ ಆರಿಸುವವರೆಗೆ, ಒಂದು ದಿನದ ಕೆಲಸದ ಕ್ರಮದಲ್ಲಿ ಜೋಡಿಸಿದೆ. 36 ವರ್ಷವೂ ಆ ಒಂದು ದಿನದೊಳಗೆ ಬಂದು ಕೂತವು.

ಮೊದಲ ಫಾರಂ ಕೈಗೆ ಬಂದಾಗ ಎದೆ ಧಸಕ್ ಎಂದಿತು. ಪುಟಪುಟದಲ್ಲೂ "ನಸರ್ಮ್ಮ". ಪ್ರೆಸ್ಸಿನಲ್ಲಿ ನನ್ನ ಯೂನಿಕೋಡ್ ಕಡತವನ್ನು ಪುಟ ಕಟ್ಟುವ ತಮ್ಮ ಹಳೆ ತಂತ್ರಾಂಶ ಪೇಜ್‌ಮೇಕರಿಗೆಂದು ನುಡಿ ಫಾಂಟಿಗೆ ತಿರುಗಿಸಿದ್ದರು. ಅರ್ಕಾವತ್ತು ಒಂದು ಅಕ್ಷರ ಮುಂದೆ ಜಿಗಿದಿತ್ತು. ಕರ್ನಾಟಕ "ಕನಾರ್ಟಕ" ಆಗುವ ಅದೇ ಹಳೆ ರೋಗ. 16 ಪುಟದ ಕಾಗದ, ಪ್ಲೇಟು ಸೇರಿ 4,500 ರೂಪಾಯಿ ನನ್ನ ತಲೆಗೇ ಬಂತು, ಪ್ರೂಫ್ ನೋಡದೆ ಹೂಂ ಎಂದದ್ದು ನಾನೇ ಆದ್ದರಿಂದ. ಅಕ್ಷರಗಳನ್ನೆಲ್ಲ ಔಟ್‌ಲೈನ್ (ಗೆರೆಯ ಚಿತ್ರ) ಮಾಡಿದ ಪಿಡಿಎಫ್ ಮಾತ್ರ ಕೊಡಿ, ತೆರೆದ ಕಡತ ಕೊಡಲೇಬೇಡಿ.

ಒಟ್ಟು ಖರ್ಚು ನೆನಪಿನಿಂದ ಹೇಳುತ್ತೇನೆ: ಹಾಳಾದ ಟೈಪಿಂಗ್ 3,500, ಓಡಾಟ 6,000, ಸಾಮಾನು 2,200, ಕೆಟ್ಟ ಫೋಟೊ 1,800, ಕೆಟ್ಟ ಫಾರಂ 4,500, 500 ಪ್ರತಿಯ ಮುದ್ರಣ ಮತ್ತು ಬೈಂಡಿಂಗ್ 31,000ದಷ್ಟು. ಒಟ್ಟು 49,000. ಆರು ಮನೆಯವರು ಎಂಟೆಂಟು ಸಾವಿರ ಹಾಕಿದರು, ಮೇಲಿನ ಸಾವಿರ ನನ್ನದು. ಎರಡನೇ ಸಲದ 300 ಪ್ರತಿಗೆ 20,000. ಅದಕ್ಕೆ ಮನೆಯವರ ಹತ್ತಿರ ಕೇಳಲಿಲ್ಲ. ಹಳ್ಳಿಗಳಿಂದಲೇ ನೂರು, ಇನ್ನೂರು ಬಂದು ಕೂಡಿತು. ಬೆಲೆ ಇಟ್ಟಿರಲಿಲ್ಲ.

ಕ್ಯೂಆರ್ ಕೋಡ್ ಹಾಕಿ ಧ್ವನಿ ಕೇಳಿಸುವ ಪ್ರಯೋಗ ಅಷ್ಟು ಫಲಿಸಲಿಲ್ಲ. ಹಳ್ಳಿಯಲ್ಲಿ ಅದನ್ನು ತೆರೆದವರು ಕಡಿಮೆ, ಬೆಂಗಳೂರಿನ ಮೊಮ್ಮಕ್ಕಳೇ ಕೇಳಿದ್ದು. ಎರಡನೇ ಮುದ್ರಣದಲ್ಲಿ ಅದನ್ನು ತೆಗೆದು, ಕೊನೆಯ ನಾಲ್ಕು ಪುಟ ಗೆರೆ ಹಾಕಿ ಖಾಲಿ ಬಿಟ್ಟೆ. ಮೇಲೆ "ನಮ್ಮ ಮನೆಗೆ ನರ್ಸಮ್ಮ ಬಂದ ದಿನ" ಎಂದು ಒಂದೇ ಸಾಲು. ಈವರೆಗೆ ಹದಿನಾಲ್ಕು ಪ್ರತಿ ಬರೆದು ತುಂಬಿ ನನ್ನ ಕೈಗೆ ವಾಪಸ್ ಬಂದಿವೆ. ಮಕ್ಕಳ ಕೈಯಲ್ಲಿ ಬರೆಸಿದ್ದಾರೆ, ಎರಡರಲ್ಲಿ ಹೆಬ್ಬೆಟ್ಟು ಒತ್ತಿದ್ದಾರೆ. ಸ್ಕ್ಯಾನ್ ಮಾಡಿಕೊಂಡು ಪ್ರತಿಯನ್ನು ಅವರಿಗೇ ಹಿಂದಿರುಗಿಸುತ್ತಿದ್ದೇನೆ. ಈ ಖಾಲಿ ಪುಟಗಳಿಗೆ ಮ್ಯಾಪ್ಲಿತೊವನ್ನೇ ಹಾಕಿ. ಆರ್ಟ್ ಪೇಪರ್ ಚೆಂದ ಕಾಣುತ್ತದೆಂದು ಹಾಕಿದರೆ ಬಾಲ್‌ಪೆನ್ ಜಾರುತ್ತದೆ, ಹೆಬ್ಬೆಟ್ಟಿನ ಶಾಯಿ ಒಣಗದೆ ಎದುರು ಪುಟಕ್ಕೆ ಹತ್ತುತ್ತದೆ.